ಒಂದೇ ಗಂಟಲು

ಭಾನುವಾರ, ಊಟವಾದ ಮೇಲೆ

ನನ್ನ ಮಾತಿನಮಲ್ಲಿಗೆ,

ಅಮ್ಮನ ಪ್ರೀತಿ, ಜೊತೆಗೆ ತಲೆಗೊಂದು ಮೊಟಕು. ನೀನು ಫೋನ್ ಆರಿಸಿಟ್ಟು ಗೆಳತಿಯ ಮನೆ ಸೇರಿಕೊಂಡಿರುವುದರಿಂದ ಹಳೇ ಕಾಲದವರ ಹಾಗೆ ಕಾಗದ ಬರೆಯಬೇಕಾಗಿದೆ. ನಾವಿಲ್ಲಿ ಚೆನ್ನಾಗಿದ್ದೇವೆ. ಶುಕ್ರವಾರದಿಂದ ಮನೆ ಮುಂದೆ ಒಂದು ನರಪಿಳ್ಳೆಯೂ ನಿಂತಿಲ್ಲ. ನಿಮ್ಮಪ್ಪನ ಕನ್ನಡಕದ ಅಂಗಡಿಗೆ ಹೊಸ ಗಾಜು ಕೂರಿಸಿಯಾಯಿತು. ಬಾಗಿಲ ಮೇಲೆ ಯಾರೋ ಬಳಿದಿದ್ದ ಬೈಗುಳವನ್ನು ನಾನೇ ಸೀಮೆಎಣ್ಣೆ ಹಾಕಿ ಉಜ್ಜಿದೆ. ಒಂದಕ್ಷರ ಮಾತ್ರ ಏನು ಮಾಡಿದರೂ ಹೋಗಲಿಲ್ಲ, ಅದರ ಮೇಲೆ ಅಂಚೆ ಡಬ್ಬಿ ಹೊಡೆಸಿದ್ದೇನೆ.

ನೀನು ರೇಡಿಯೊ ಕೇಳಿದೆಯೋ ಇಲ್ಲವೋ. ಕೇಳಿರುತ್ತೀಯ, ನಿನ್ನನ್ನು ನಾನು ಬಲ್ಲೆ. ಶುಕ್ರವಾರ ಬೆಳಗ್ಗೆ ಸರಿಯಾಗಿ ನಿನ್ನ ಕಾರ್ಯಕ್ರಮದ ಹೊತ್ತಿಗೆ ನಿನ್ನ ಕ್ಷಮಾಪಣೆ ಪ್ರಸಾರವಾಯಿತು. ಊರಿಗೆ ಊರೇ ಕೇಳಿತು. ನೀನೊಬ್ಬಳು ಮಾತ್ರ ಬಾಯಿ ಬಿಟ್ಟಿರಲಿಲ್ಲ. ಸಿಟ್ಟು ಬಂತೆಂದು ಕಾಗದ ಹರಿಯಬೇಡ, ಪೂರ್ತಿ ಓದು.

ಮೇಯರ್ ಸತ್ತ ಮಾರನೆಯ ದಿನ ನೀನು ಆಡಿದ ಮಾತು ನನಗೆ ಬಾಯಿಪಾಠವಾಗಿದೆ. ಮಿಕ್ಕ ಸ್ಟೇಷನ್‌ಗಳೆಲ್ಲ ಶೋಕದ ವಾದ್ಯ ಹಾಕಿಕೊಂಡು ಕೂತಿದ್ದಾಗ ನೀನು ಮೈಕಿನ ಮುಂದೆ, "ಸತ್ರು ಅನ್ನೋ ಕಾರಣಕ್ಕೆ ನಾನು ಸುಳ್ಳು ಹೇಳಲ್ಲ. ಮಕ್ಕಳ ಆಸ್ಪತ್ರೆ ಔಷಧಿ ಮಾರಿಕೊಂಡ ಮನುಷ್ಯ ಅವರು. ಅಳೋರು ಅಳಲಿ, ನನ್ನ ಕೈಲಾಗಲ್ಲ," ಅಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದನ್ನು ಊರಿನ ಮುಂದೆ ಹೇಳುವಷ್ಟು ದಡ್ಡಿ ಇನ್ನೊಬ್ಬಳು ಹುಟ್ಟಿರಲಿಲ್ಲ, ಅಷ್ಟೆ. ಮಧ್ಯಾಹ್ನಕ್ಕೆ ನಿನ್ನ ಫೋಟೋ ಸುಟ್ಟರು. ಸಂಜೆಗೆ ಅಪ್ಪನ ಅಂಗಡಿಗೆ ಕಲ್ಲು ಬಿತ್ತು. ಆ ಮನುಷ್ಯ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು, ಕಿಟಕಿಯ ಗಾಜು ಯಾವುದು, ಕನ್ನಡಕದ ಗಾಜು ಯಾವುದು ಅಂತ ಬೇರೆ ಮಾಡುತ್ತಿದ್ದರು. ನೀನು ಅದನ್ನೂ ನೋಡಿದೆ. ನೋಡಿಯೂ ಸ್ಟೇಷನ್ ನಿರ್ದೇಶಕರು ಬರೆದುಕೊಟ್ಟ ಕ್ಷಮಾಪಣೆ ಓದಲು ಒಪ್ಪಲಿಲ್ಲ. ಬ್ಯಾಗ್ ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತು, "ಅಮ್ಮ, ನನ್ನ ಹತ್ರ ಇರೋದು ಇದೊಂದು ಗಂಟಲು. ಇದನ್ನ ಮಾತ್ರ ಯಾರಿಗೂ ಕೊಡಲ್ಲ," ಅಂದೆ.

ಕೇಳುವುದಕ್ಕೆ ಚೆನ್ನಾಗಿತ್ತು. ಆದರೆ ಪುಟ್ಟಿ, ಆ ಗಂಟಲು ನಿನ್ನ ಸ್ವಯಾರ್ಜಿತ ಆಸ್ತಿಯಲ್ಲ.

ನೀನು ದೊಡ್ಡವಳಾದಾಗಿನಿಂದ ನಮ್ಮಿಬ್ಬರ ದನಿ ಒಂದೇ. ನಿನ್ನ ಕಾಲೇಜಿನ ಹುಡುಗರು ಫೋನಿನಲ್ಲಿ ನನಗೆ ಪ್ರೇಮ ನಿವೇದನೆ ಮಾಡಿದ್ದಾರೆ. ನಿನ್ನ ಸೋದರತ್ತೆ ನಾನು ನೀನೆಂದುಕೊಂಡು ನನ್ನ ಅಡುಗೆಯನ್ನು ನನ್ನ ಹತ್ತಿರವೇ ಬೈದಿದ್ದಾಳೆ. ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದೇವೆ. ನಿನ್ನ ಗಂಟಲು ಕಟ್ಟಿದ್ದಾಗ ಸ್ಟುಡಿಯೋಗೆ ಎಳೆದುಕೊಂಡು ಹೋಗಿ, ಗಂಟೆ ಹೇಳುವ ಸಾಲುಗಳನ್ನು ನನ್ನಿಂದ ಹೇಳಿಸಿ ರೆಕಾರ್ಡ್ ಮಾಡಿಕೊಂಡವಳೂ ನೀನೇ. ಮೈಕಿನಿಂದ ಬಾಯಿ ಒಂದು ಗೇಣು ದೂರವಿರಬೇಕು, ಮಾತಾಡುವಾಗ ತುಟಿಯಲ್ಲಿ ನಗು ಇರಬೇಕು, ಉಸಿರೆಳೆಯುವಾಗ ಮುಖ ಪಕ್ಕಕ್ಕೆ ತಿರುಗಿಸಬೇಕು, ಇದೆಲ್ಲ ನೀನು ಹೇಳಿಕೊಟ್ಟ ಪಾಠ. ಇವತ್ತಿಗೂ ಆ ಸ್ಟೇಷನ್ನಿನಲ್ಲಿ "ಸಮಯ ಏಳು ಗಂಟೆ" ಅನ್ನುವವಳು ನಾನು. ಊರು ಗಡಿಯಾರ ತಿದ್ದಿಕೊಳ್ಳುವುದು ನನ್ನ ಮಾತಿಗೆ. ಅದನ್ನು ನಿಮ್ಮಪ್ಪನಿಗಾದರೂ ಹೇಳೋಣವೇ ಅಂದಾಗ ನೀನು ಮುಖ ಸಿಂಡರಿಸಿ, "ನನ್ನ ಮರ್ಯಾದೆ ಹೋಗುತ್ತೆ," ಅಂದೆ. ಸರಿ, ಹೇಳಲಿಲ್ಲ. ಮನೆಯಲ್ಲಿ ನನ್ನ ದನಿ ಏನು ಅಡುಗೆ ಮಾಡಲಿ ಅಂತ ಕೇಳುವುದಕ್ಕಷ್ಟೇ ಉಳಿಯಿತು.

ನೀನು ಹೋದ ಮೇಲೆ ನಿರ್ದೇಶಕರು ಮನೆಗೆ ಬಂದು ಗೋಗರೆದರು. ಸ್ಟೇಷನ್ ಮುಚ್ಚಿಸುತ್ತಾರೆ, ಹೇಗಾದರೂ ಕಾಪಾಡಿ ಅಂದರು. ಹೆತ್ತ ಕರುಳು, ಏನು ಮಾಡಲಿ, ಒಪ್ಪಿಕೊಂಡೆ. ಗುರುವಾರ ಹಿಂಬಾಗಿಲಿನಿಂದ ಒಳಗೆ ಹೋದೆವು. ಯಂತ್ರದ ಮುಂದೆ ಅವರೇ ಕೂತರು, ಮೂರನೆಯವರು ಯಾರೂ ಇರಲಿಲ್ಲ. ಬರೆದಿಟ್ಟಿದ್ದ ಕ್ಷಮಾಪಣೆ ಪಥ್ಯದ ಊಟದ ಹಾಗೆ ಸಪ್ಪೆಯಾಗಿತ್ತು. ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ, ಇತ್ಯಾದಿ. ಅದನ್ನು ಯಾರು ನಂಬುತ್ತಾರೆ? ಅದಕ್ಕೇ ನನ್ನದೊಂದು ಮಾತು ಸೇರಿಸಿದೆ. "ಔಷಧಿ ವಿಷಯ ನಾನೇ ಕಟ್ಟಿದ ಕತೆ. ನನಗೆ ಹೆಸರು ಬೇಕಿತ್ತು," ಅಂದೆ. ಆಮೇಲೆ ಸ್ವಲ್ಪ ಅತ್ತೆ. ಚಿಕ್ಕವಳಿದ್ದಾಗ ಸಿಕ್ಕಿಬಿದ್ದ ಮೇಲೆ ಬಿಕ್ಕು ನುಂಗಿಕೊಂಡು ಅಳುತ್ತಿದ್ದೆಯಲ್ಲ, ಥೇಟ್ ಹಾಗೆ. ಗಾಜಿನ ಆಚೆ ನಿರ್ದೇಶಕರು ಕಣ್ಣೊರೆಸಿಕೊಂಡರು.

ನಿನ್ನ ಹತ್ತಿರ ಮುಚ್ಚುಮರೆ ಯಾಕೆ, ಅವರು ಮನೆಗೆ ಬಂದಿರಲಿಲ್ಲ. ಫೋನ್ ಮಾಡಿದವಳು ನಾನು. ನೀನೆಂದುಕೊಂಡು ಅವರು ಬಾಯಿಗೆ ಬಂದ ಹಾಗೆ ಬೈದರು. ಅಷ್ಟು ಹೊತ್ತು ಯಾರೂ ನನ್ನ ಜೊತೆ ಅಷ್ಟು ಮನಸ್ಸಿಟ್ಟು ಮಾತಾಡಿರಲಿಲ್ಲ. ಪೂರ್ತಿ ಬೈಸಿಕೊಂಡೇ ಆಮೇಲೆ ನಾನು ಯಾರೆಂದು ಹೇಳಿದೆ.

ನಿಮ್ಮಪ್ಪ ಅಂಗಡಿಯಲ್ಲಿ ಕೇಳಿದವರೇ ಮನೆಗೆ ಓಡಿ ಬಂದರು. ಮಗಳು ಕೊನೆಗೂ ದಾರಿಗೆ ಬಂದಳು ಅಂತ ಕಣ್ಣಲ್ಲಿ ನೀರು. ಮೂವತ್ತು ವರ್ಷ ಪಕ್ಕದಲ್ಲಿ ಮಲಗಿದ ಮನುಷ್ಯನಿಗೆ ನನ್ನ ದನಿಯ ಗುರುತು ಹತ್ತಲಿಲ್ಲ. ತಪ್ಪು ಒಪ್ಪಿಕೊಳ್ಳುವುದನ್ನು ಮಗಳಿಂದ ಕಲಿ ಅಂತ ನನಗೇ ಬುದ್ಧಿ ಹೇಳಿದರು. ನಾನು ತಟ್ಟೆ ಹಾಕಿ ಬಡಿಸಿದೆ. ಮುಖ ತೋರಿಸಲು ನಿನಗೆ ನಾಚಿಕೆ, ಅದಕ್ಕೇ ಮನೆಗೆ ಬರುತ್ತಿಲ್ಲ ಅಂತ ಅವರಿಗೆ ಹೇಳಿಟ್ಟಿದ್ದೇನೆ. ನಂಬಿದ್ದಾರೆ.

ಎದುರುಮನೆಯ ಟೈಲರಮ್ಮ ಮಾತ್ರ ಸಂಜೆ ಬಂದಳು. ಆ ಆಸ್ಪತ್ರೆಯಲ್ಲೇ ಮಗನನ್ನು ಕಳೆದುಕೊಂಡು, ಇದೆಲ್ಲವನ್ನೂ ನಿನ್ನ ಕಿವಿಗೆ ಹಾಕಿದವಳು ಅವಳೇ ತಾನೆ. ಜನ ಕೂಗಾಡುತ್ತಿದ್ದ ದಿನ ನಮ್ಮ ಬಾಗಿಲಿಗೆ ಅಡ್ಡ ನಿಂತವಳೂ ಅವಳೊಬ್ಬಳೇ. ಈಗ ಕೂರಲೂ ಇಲ್ಲ. "ಕಟ್ಟಿದ ಕತೆ ಅಂದ್‌ಬಿಟ್ಟಳಲ್ಲಮ್ಮ. ಹಾಗಾದ್ರೆ ನನ್ನ ಮಗು ಯಾತಕ್ಕೆ ಸತ್ತಿತು?" ಅಂದಳು. ಇನ್ನು ಈ ಜನ್ಮದಲ್ಲಿ ನಿನ್ನ ಮುಖ ನೋಡುವುದಿಲ್ಲವಂತೆ. ಟೀ ಕೊಟ್ಟೆ, ಮುಟ್ಟಲಿಲ್ಲ. ನಿಜ ಹೇಳಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಟೀ ಆರಿಹೋಯಿತು, ಅವಳು ಹೊರಟುಹೋದಳು.

ಅದು ನಾನಲ್ಲ ಅಂತ ನೀನು ಡಂಗುರ ಹೊಡೆಯಬಹುದು. ಹೊಡೆದುಕೋ. ಮೊದಲು ಬೈದಳು, ಆಮೇಲೆ ಅತ್ತಳು, ಈಗ ಉಲ್ಟಾ ಹೊಡೆದಳು ಅನ್ನುತ್ತಾರೆ. ಕೊನೆಗೆ ಸಾಕ್ಷಿ ಕೇಳುವುದು ನನ್ನನ್ನೇ. ಹೆತ್ತವಳಿಗೆ ಮಗಳ ದನಿ ಗೊತ್ತಾಗುವುದಿಲ್ಲವೇ, ಅದು ಅವಳೇ ಅನ್ನುತ್ತೇನೆ. ಹಾಗಾಗಿ ಸುಮ್ಮನೆ ಅಲ್ಲೇ ಇರು. ಹೊತ್ತು ಹೊತ್ತಿಗೆ ಊಟ ಮಾಡು. ಬಿಸಿನೀರು ಕುಡಿದು ಗಂಟಲು ಕಾಪಾಡಿಕೋ ಅಂತ ಬರೆಯಲು ಹೊರಟಿದ್ದೆ, ಅಭ್ಯಾಸಬಲ.

ಇಂತಿ,
ನಿನಗೆ ಮಾತು ಕಲಿಸಿದ
ಅಮ್ಮ

ವಿ.ಸೂ.: ಇವತ್ತು ಸೋಮವಾರ, ಕಾಗದ ಇನ್ನೂ ನನ್ನ ಚೀಲದಲ್ಲೇ ಇದೆ. ಇದನ್ನು ಸ್ಟುಡಿಯೋದಲ್ಲಿ, ನಿನ್ನ ಕುರ್ಚಿಯಲ್ಲಿ ಕೂತು ಸೇರಿಸುತ್ತಿದ್ದೇನೆ. ಹಾಡು ಮುಗಿಯುವ ತನಕ ಬಿಡುವಿದೆ. ಅಪ್ಪನಿಗೆ ಬೆಳಗಿನ ವಾಕಿಂಗ್ ಶುರುಮಾಡಿದ್ದೇನೆ ಅಂದಿದ್ದೇನೆ. ನೀನು ವಾಪಸ್ ಬಂದೆಯೆಂದು ಊರಿಗೆಲ್ಲ ಖುಷಿ. ಜನ ಗಲಾಟೆ ಮಾಡಿಯಾರೆಂದು ನಿರ್ದೇಶಕರು ಈ ಬಾಗಿಲನ್ನು ಯಾರಿಗೂ ತೆರೆಯುವುದಿಲ್ಲ, ಅದೂ ಅನುಕೂಲವೇ ಆಯಿತು. ಅಂತೂ ಫೋನ್ ಹಚ್ಚಿದೆಯಲ್ಲ. ಕೆಳಗಿನ ಮಹಡಿಯಲ್ಲಿ ಕೇಳುಗರ ಫೋನ್ ಎತ್ತುವಾಕೆ ಈಗ ತಾನೇ ಒಳಗಿನ ಲೈನಿನಲ್ಲಿ ನಗುತ್ತಾ ಹೇಳಿದಳು: "ಮೇಡಂ, ಯಾರೋ ನಿಮ್ಮ ಥರಾನೇ ಮಾತಾಡ್ತಿದ್ದಾರೆ, ಅಳ್ತಿದ್ದಾರೆ. ಶುಕ್ರವಾರ ಮಾತಾಡಿದ್ದು ತಾನಲ್ಲ ಅಂತಾರೆ. ನಿಮ್ಮಷ್ಟು ಚೆನ್ನಾಗಿ ಅಳೋಕೆ ಬರಲ್ಲ ಪಾಪ. ಲೈನ್ ಕೊಡಲಾ?"

ಕತ್ತರಿಸು ಅಂದೆ. ಹಾಡು ಮುಗಿಯುತ್ತಾ ಬಂತು, ಇನ್ನು ನಾನು ಮಾತಾಡಬೇಕು.