ಮೂವತ್ತೊಂದು ಅಂಕದ ಆಟ

ಗದಗ
ಫೆಬ್ರವರಿ ೩೦, ೨೨೧೪

ಇನ್ನೂರು ವರ್ಷಗಳ ಹಿಂದೆ ಆಟಗಳನ್ನು ಕಟ್ಟುತ್ತಿರುವವರಿಗೆ ಮತ್ತು ಆಡುತ್ತಿರುವವರಿಗೆ ಮಹಾನಂದಾ ಹೊಂಬಳ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ನಕ್ಕಿರಬಹುದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ; ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ಬರುತ್ತವೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ತೊಡಕಾದೀತು. ನಿಮ್ಮ ಕಾಲದ ಕಾಗದಗಳನ್ನು ಎದುರಿಗಿಟ್ಟುಕೊಂಡು ಹಾಗೆಯೇ ಬರೆಯಲು ನೋಡಿದ್ದೇನೆ, ಆದರೆ ನಿಮ್ಮಲ್ಲಿಲ್ಲದ ಕೆಲವು ಮಾತುಗಳನ್ನು ಬಿಡಲಾಗಲಿಲ್ಲ. ಅವು ಬಂದಲ್ಲೇ ಅರ್ಥ ಹೇಳುತ್ತೇನೆ, ಕ್ಷಮಿಸಬೇಕು. ಈ ಪತ್ರ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆಯೆಂದರೆ ಕಳೆದ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆ. ಉತ್ತರ ತರುವ ದಾರಿ ಅದಕ್ಕಿಲ್ಲ, ಆದ್ದರಿಂದ ನೀವು ಓದಿದಿರೋ ಇಲ್ಲವೋ ನನಗೆ ತಿಳಿಯುವುದಿಲ್ಲ.

ನಮ್ಮ ದಿನ ಹೇಗಿರುತ್ತದೆಂದು ಮೊದಲು ಹೇಳಬೇಕು, ಇಲ್ಲದಿದ್ದರೆ ಒಂದು ಆಟಕ್ಕಾಗಿ ಇಷ್ಟೊಂದು ದುಃಖವೇ ಎಂದು ನೀವು ಕೇಳೀರಿ. ಗದಗಿನಲ್ಲಿ ಬೆಳಗಿನ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಹೊರಗೆ ಕಾಲಿಡುವಂತಿಲ್ಲ, ಬಿಸಿಲು ಅಷ್ಟು ಕೆಟ್ಟದ್ದು. ಆ ಹೊತ್ತಿಗೆ ಬಿಸಿಲುಬಿಡುವು ಎನ್ನುತ್ತೇವೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಕೆಳಗೆ ಊರಿಗೆ ಊರೇ ದಪ್ಪ ಗೋಡೆಗಳ ಹಿಂದೆ ಕುಳಿತು ಆಟ ಆಡುತ್ತದೆ. ಊಟವೂ ಆಗಲೇ, ಜೋಳದ ರೊಟ್ಟಿ ಇನ್ನೂ ಇದೆ, ಬದನೆಕಾಯಿ ಮಾತ್ರ ಹೆಸರಿಗಷ್ಟೇ ಬದನೆಕಾಯಿ. ಹೀಗೆ ದಿನಕ್ಕೆ ಐದು ತಾಸು, ಹುಟ್ಟಿದಂದಿನಿಂದ ಸಾಯುವತನಕ. ಅಂದಮೇಲೆ ಆಟವೆಂಬುದು ನಮಗೆ ವಿರಾಮದ ಮಾತಲ್ಲ, ಅರ್ಧ ಬದುಕು. ಆದರೂ ನಾಲ್ಕು ಗಂಟೆಗೆ ಬಾಗಿಲು ತೆರೆದು ಹೊರಬಂದವರು ಏನು ಆಡಿದಿರಿ ಎಂದು ಒಬ್ಬರನ್ನೊಬ್ಬರು ಕೇಳುವುದಿಲ್ಲ. ಕೇಳುವಂಥದ್ದು ಏನೂ ಇರುವುದಿಲ್ಲ.

ಅದಕ್ಕೆ ಕಾರಣ ಒಪ್ಪಳತೆ. ಹೊಸ ಆಟವೊಂದು ಜನರಿಗೆ ಎಷ್ಟು ಒಪ್ಪಿಗೆಯಾದೀತು ಎಂಬುದನ್ನು, ಅವರು ಈವರೆಗೆ ಒಪ್ಪಿದ ಎಲ್ಲ ಆಟಗಳ ಜೊತೆ ತೂಗಿ, ನೂರಕ್ಕೆ ಇಷ್ಟು ಎಂದು ಯಂತ್ರ ಹೇಳುತ್ತದೆ. ಎಂಬತ್ತೈದರ ಕೆಳಗೆ ಬಂದ ಆಟ ಹೊರಗೆ ಹೋಗುವಂತಿಲ್ಲ. ಇದನ್ನು ಮಾಡಿದವರು ಕೆಟ್ಟವರಲ್ಲ. ಆಡುವವರು ಎಲ್ಲಿ ಬೇಸತ್ತು ಎದ್ದುಹೋದರು ಎಂದು ಬರೆದಿಟ್ಟುಕೊಳ್ಳುವುದು ನಿಮ್ಮ ಕಾಲದಲ್ಲೇ ಶುರುವಾಯಿತು, ಯಾರಿಗೂ ಬೇಸರವಾಗಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ. ಆಟಗಳನ್ನು ಕಟ್ಟಿ ಹೊರಬಿಡುವ ಗದಗಿನ ಆಟಶಾಲೆಯಲ್ಲಿ ನಾನು ಮೂವತ್ತು ವರ್ಷಗಳಿಂದ ಸವರುಗಾರ್ತಿ. ಕಡಿಮೆ ಅಂಕ ಬಂದ ಆಟದಲ್ಲಿ ಯಾವುದು ಅಪರಿಚಿತವೋ, ಯಾವುದು ಚುಚ್ಚುತ್ತದೆಯೋ ಅದನ್ನು ಹುಡುಕಿ ನುಣ್ಣಗೆ ಸವರುವುದು ನನ್ನ ಕೆಲಸ. ಕೆಲಸದಲ್ಲಿ ನನ್ನ ಹೆಸರು ಚೆನ್ನಾಗಿದೆ.

ಮೂರು ವರ್ಷಗಳ ಹಿಂದೆ ನೀಲಗಂಗಾ ಮುಳಗುಂದ ಎಂಬವಳು ನಮ್ಮಲ್ಲಿಗೆ ಬಂದಳು. ಇಪ್ಪತ್ತೊಂಬತ್ತು ವಯಸ್ಸು, ಎತ್ತರದ ಹೆಂಗಸು, ಯೋಚಿಸುವಾಗ ಕುರ್ಚಿ ಬಿಟ್ಟು ನೆಲದ ಮೇಲೆ ಕೂರುವವಳು. ಎಲ್ಲರೂ ಇದ್ದ ಆಟಗಳ ತುಣುಕು ಜೋಡಿಸುತ್ತಿದ್ದರೆ ಇವಳು ಹತ್ತು ತಿಂಗಳು ಯಾರಿಗೂ ತೋರಿಸದೆ ಒಂದು ಆಟ ಕಟ್ಟಿದಳು. ಅದರ ಹೆಸರು ‘ಕೊಟ್ಟಾದ ಮೇಲೆ’. ಆಟಗಾರನಿಗೆ ಮೊದಲೇ ಹನ್ನೆರಡು ಶಕ್ತಿಗಳಿರುತ್ತವೆ: ನಡೆಯುವುದು, ಏರುವುದು, ಈಜುವುದು, ಕೆಂಪು ಬಣ್ಣ ಕಾಣುವುದು, ಹಾಡುವುದು, ಹೀಗೆ. ಗಳಿಸುವುದು ಏನೂ ಇಲ್ಲ. ದಾರಿಯಲ್ಲಿ ಎದುರಾಗುವ ಇನ್ನೊಬ್ಬ ಆಟಗಾರನಿಗೆ, ಅವನು ಯಾರೆಂದು ತಿಳಿಯದೆ, ಒಂದೊಂದನ್ನು ಕೊಡುತ್ತಾ ಹೋಗಬೇಕು. ಕೊಟ್ಟದ್ದು ಮತ್ತೆ ಬರುವುದಿಲ್ಲ. ಕೊನೆಗೆ ನಿಮ್ಮ ಬಳಿ ನೋಡುವುದೊಂದೇ ಉಳಿಯುತ್ತದೆ. ಒಂದು ದಿಬ್ಬದ ಮೇಲೆ ಕೂತು, ಯಾರೋ ಅಪರಿಚಿತರು ನೀವು ಕೊಟ್ಟ ಕಾಲಿನಿಂದ ಓಡುವುದನ್ನು, ನೀವು ಕೊಟ್ಟ ದನಿಯಿಂದ ಹಾಡುವುದನ್ನು ನೋಡುತ್ತೀರಿ. ಅಷ್ಟೇ.

ಒಪ್ಪಳತೆ ಮೂವತ್ತೊಂದು ಎಂದಿತು. ಅಷ್ಟು ಕಡಿಮೆ ಅಂಕವನ್ನು ನಾನು ನೋಡಿಯೇ ಇರಲಿಲ್ಲ. ನಿಯಮದಂತೆ ಒಂಬತ್ತು ಮಂದಿ ಪರೀಕ್ಷಕರು ಆಡಿದರು. ಸವರುವವಳಾದ್ದರಿಂದ ನಾನೂ ಅವರ ಜೊತೆ ಆಡಿದೆ. ಐವರು ಅರ್ಧಕ್ಕೇ ಎದ್ದರು. ನಾನು ನನ್ನ ಕೆಂಪನ್ನು ಯಾರಿಗೋ ಕೊಟ್ಟೆ. ಆಟದೊಳಗಿನ ದಾಸವಾಳ, ಇಟ್ಟಿಗೆ, ಮೆಣಸಿನಕಾಯಿ ಒಮ್ಮೆಲೇ ಬೂದಿಯ ಬಣ್ಣಕ್ಕೆ ತಿರುಗಿದವು. ನಾನು ಆಟದ ಹಿಡಿಕೆಯನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡೆ. ಆಮೇಲೆ ಯಾರೋ ನನಗೆ ಏರುವುದನ್ನು ಕೊಟ್ಟರು. ನನ್ನದನ್ನು ನಾನಾಗಲೇ ಕೊಟ್ಟಾಗಿತ್ತು, ಇದು ಬೇರೆಯವರದು, ನನ್ನದಕ್ಕಿಂತ ನಿಧಾನ, ಪ್ರತಿ ಹೆಜ್ಜೆಗೂ ಮೊದಲು ಹಿಡಿತ ಪರೀಕ್ಷಿಸುವಂಥದ್ದು. ಅದರಿಂದ ಒಂದು ಗೋಪುರ ಏರಿದೆ. ಐದು ತಾಸು ಕಳೆದದ್ದು ಗೊತ್ತಾಗಲಿಲ್ಲ. ಅಂದು ಸಂಜೆ ಮನೆಗೆ ಹೋಗಿ, ಏನು ಆಡಿದೆ ಗೊತ್ತೇ ಎಂದು ನನ್ನ ಗಂಡನಿಗೆ ಹೇಳತೊಡಗಿದೆ. ಮದುವೆಯಾದ ಮೇಲೆ ಅದೇ ಮೊದಲು.

ಎರಡು ದಿನದ ಮೇಲೆ ಪರೀಕ್ಷಕರಲ್ಲೊಬ್ಬರು ಆಟಶಾಲೆಗೆ ನನ್ನನ್ನು ಹುಡುಕಿಕೊಂಡು ಬಂದರು. ಮೈಲಾರಪ್ಪ ಎಂದು ಹೆಸರು, ಎಪ್ಪತ್ತೊಂದು ವರ್ಷ. ಗಾಳಿಯಂತ್ರಗಳ ಮೇಲೆ ಹತ್ತಿ ರಿಪೇರಿ ಮಾಡುತ್ತಿದ್ದವರು, ಮೊಣಕಾಲು ಕೆಟ್ಟ ಮೇಲೆ ಕೆಳಗೇ ಉಳಿದವರು. ಕೊಟ್ಟದ್ದು ಯಾರಿಗೆ ಹೋಯಿತೆಂದು ಹೇಳುವುದು ನಿಯಮಕ್ಕೆ ವಿರುದ್ಧ ಎಂಬುದು ಅವರಿಗೆ ಗೊತ್ತಿತ್ತು. ಆದರೂ ನಿಂತೇ ಕೇಳಿದರು.

“ನಾ ಏರೂದು ಕೊಟ್ಟೀನ್ರಿ. ಯಾರ ಹಂತ್ಯಾಕ ಐತಿ, ಅಷ್ಟ ಹೇಳ್ರಿ ಸಾಕು.”

ಯಾರದು ಯಾರಿಗೆ ಹೋಯಿತೆಂದು ಬರೆದ ಹಾಳೆ ತೆಗೆದು ನೋಡಿದೆ. ನೋಡದಿದ್ದರೂ ತಿಳಿಯುತ್ತಿತ್ತು.

“ನನ್ನ ಹಂತ್ಯಾಕ ಐತ್ರಿ,” ಎಂದೆ.

ಅವರು ನನ್ನ ಕೈಗಳನ್ನು ನೋಡಿದರು. “ಜ್ವಾಕಿಂದ ಏರಿದ್ರಿಲ್ಲ?” ಎಂದು ಕೇಳಿದರು. ಏರಿದೆ ಎಂದೆ. ತಲೆಯಾಡಿಸಿ, ಇಷ್ಟಕ್ಕೇ ಬಂದಿದ್ದೆ ಎಂದು ಹೇಳಿ ಹೊರಟುಹೋದರು.

ಇದ್ದಂತೆಯೇ ಆಟವನ್ನು ಹೊರಬಿಡುವ ದಾರಿ ಒಂದಿತ್ತು. ಅದಕ್ಕೆ ಹಸಿ ಬಿಡುಗಡೆ ಎನ್ನುತ್ತಾರೆ. ಸವರುಗಾರ್ತಿ ತನ್ನ ಹೆಸರು ಬರೆದು, ಇದನ್ನು ಮುಟ್ಟಬೇಕಿಲ್ಲ ಎಂದು ಸಹಿ ಮಾಡಬೇಕು. ಆದರೆ ಹಸಿಯಾಗಿ ಹೋದ ಆಟವನ್ನು ಜನ ಬಿಟ್ಟು ಎದ್ದರೆ, ಆ ಆಟಶಾಲೆಯನ್ನೇ ಮುಚ್ಚುತ್ತಾರೆ. ನಮ್ಮಲ್ಲಿ ನಲವತ್ತೆರಡು ಮಂದಿ. ನಮ್ಮ ಮುಖ್ಯಸ್ಥರು ಫಕೀರೇಶ ಡಂಬಳ, ಮೆತ್ತಗಿನ ಮಾತಿನ ಮನುಷ್ಯ. ಅವರು ನನ್ನನ್ನು ಹೆದರಿಸಲಿಲ್ಲ. ತಾವು ಚಿಕ್ಕವರಿದ್ದಾಗ ಕೊಪ್ಪಳದಲ್ಲಿ ಒಂದು ಆಟವನ್ನು ಹಸಿ ಬಿಟ್ಟದ್ದು, ಎರಡು ವಾರದಲ್ಲಿ ಅದು ಬಿದ್ದದ್ದು, ಹದಿನೆಂಟು ಮಂದಿ ತಂತಮ್ಮ ಸಾಮಾನು ಕಟ್ಟಿಕೊಂಡು ಇವರ ಮುಖ ನೋಡದೆ ಹೋದದ್ದು, ಇಷ್ಟನ್ನು ಹೇಳಿದರು. ಆಟ ಹೇಗಿತ್ತೆಂದು ಕೇಳಿದೆ. ತಮಗೆ ಈಗ ನೆನಪಿಲ್ಲ ಎಂದರು. ಆಮೇಲೆ, ನೆನಪಿದೆ, ಹೇಳಲಾರೆ ಎಂದರು.

ಸಹಿಯ ಕಾಗದ ನನ್ನ ಮೇಜಿನ ಮೇಲೆ ಮೂರು ದಿನ ಇತ್ತು. ನೀಲಗಂಗಾ ನನ್ನನ್ನು ಬೇಡಲಿಲ್ಲ. ಒಮ್ಮೆ ಮಾತ್ರ ನನ್ನ ಮೇಜಿನ ಪಕ್ಕ ನೆಲದ ಮೇಲೆ ಕುಳಿತು, “ನೀವು ಬರದ್ರ ಬರೀರಿ ಅಕ್ಕಾರ, ನಾ ಕೇಳಂಗಿಲ್ಲ. ನಾಳೆ ಯಾರರ ಕೆಲ್ಸ ಹೋದ್ರ ನಾ ಅವರಿಗೆ ಏನಂತ ಹೇಳ್ಲಿ,” ಎಂದಳು. ಅವಳೇ ಒತ್ತಾಯಿಸಿದ್ದರೆ ಬರೆಯುತ್ತಿದ್ದೆನೇನೋ. ಹಾಗೆಂದು ತಪ್ಪನ್ನು ಅವಳ ಮೇಲೆ ಹಾಕುವುದೂ ನ್ಯಾಯವಲ್ಲ. ನಾಲ್ಕನೆಯ ದಿನ ಕಾಗದವನ್ನು ಖಾಲಿಯೇ ಹಿಂದಿರುಗಿಸಿ, ನಾವಿಬ್ಬರೂ ಸವರಲು ಕುಳಿತೆವು.

ಮೊದಲು ಕೊಟ್ಟದ್ದು ಒಂದು ದಿನದ ಮೇಲೆ ಮರಳಿ ಬರುವಂತೆ ಮಾಡಿದೆವು. ಅಂಕ ನಲವತ್ತಾರಾಯಿತು. ಅದು ದೊಡ್ಡ ಬದಲಾವಣೆಯೆಂದು ಇಬ್ಬರಿಗೂ ಅನಿಸಲಿಲ್ಲ, ಕೊಡುವುದಂತೂ ಇದೆಯಲ್ಲ ಎಂದುಕೊಂಡೆವು. ಬಳಿಕ ಬಣ್ಣ ಕಳೆದುಕೊಳ್ಳುವುದನ್ನು ತೆಗೆದೆವು, ಏಕೆಂದರೆ ಎದ್ದುಹೋದ ಐವರಲ್ಲಿ ಮೂವರು ಎದ್ದದ್ದು ಅಲ್ಲೇ. ಪಡೆದವರು ಕೊಟ್ಟವರಿಗೆ ಕೃತಜ್ಞತೆಯಿಂದ ಒಂದು ಕಾಣಿಕೆ ಕೊಡುವಂತೆ ಮಾಡಿದೆವು. ಇದನ್ನು ಸೂಚಿಸಿದವಳು ನೀಲಗಂಗಾಳೇ. ಎಪ್ಪತ್ತನಾಲ್ಕು. ಕೊನೆಗೆ ದಿಬ್ಬ ಉಳಿಯಿತು. ಅದನ್ನು ಮುಟ್ಟುವ ಮೊದಲು ಅವಳು ಒಂದು ವಾರ ರಜೆ ಹಾಕಿದಳು. ತಿರುಗಿ ಬಂದು ತಾನೇ ಬದಲಿಸಿದಳು: ದಿಬ್ಬದ ಮೇಲೆ ಹಬ್ಬ, ಕೊಟ್ಟದ್ದೆಲ್ಲ ಎರಡರಷ್ಟಾಗಿ ಮರಳುತ್ತದೆ, ಎಲ್ಲರೂ ನಿಮ್ಮ ಹೆಸರು ಕೂಗುತ್ತಾರೆ. ತೊಂಬತ್ತೊಂದು. ನಿಯಮದಂತೆ ಅದೇ ದಿನ ಹಸಿ ಪ್ರತಿಯನ್ನು ಅಳಿಸಿದರು.

ಮೊದಲ ವಾರದಲ್ಲೇ ಎರಡು ಕೋಟಿ ಜನ ಆಡಿದರು. ಯಾರೂ ಎದ್ದುಹೋಗಲಿಲ್ಲ. ನಲವತ್ತೆರಡು ಮಂದಿಯೂ ಕೆಲಸದಲ್ಲಿ ಉಳಿದರು, ಫಕೀರೇಶರು ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದರು. ನೀಲಗಂಗಾ ಅಂದು ಬಿಸಿಲುಬಿಡುವಿನಲ್ಲಿ ತನ್ನ ಆಟವನ್ನು ತಾನೇ ಮೊದಲಿನಿಂದ ಕೊನೆಯತನಕ ಆಡಿದಳು. ನಾನು ಪಕ್ಕದಲ್ಲಿದ್ದೆ. ಮುಗಿದ ಮೇಲೆ ನನ್ನ ಕಡೆ ತಿರುಗಿ, “ಚಲೋನ ಐತ್ರಿ,” ಎಂದಳು. ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಆಮೇಲೆ, “ಎಲ್ಲಿ ಹೋತು ಅಂತ ಹುಡುಕಿದೆ. ಸಿಗಲಿಲ್ಲ,” ಎಂದಳು. ನಾನೂ ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ಹುಡುಕಿದೆ. ಒಂದೊಂದು ಬದಲಾವಣೆಗೂ ಕಾರಣವಿತ್ತು. ಯಾವುದೂ ತಪ್ಪೆಂದು ತೋರಲಿಲ್ಲ. ಮೈಲಾರಪ್ಪನವರೂ ಹೊಸದನ್ನು ಆಡಿದರೆಂದು ಕೇಳಿದೆ. ಆಮೇಲೆ ಅವರು ಪರೀಕ್ಷಕರ ಪಟ್ಟಿಯಿಂದ ಹೆಸರು ತೆಗೆಸಿದರು. ಕಾರಣ ಬರೆಯುವ ಜಾಗದಲ್ಲಿ ಏನೂ ಬರೆದಿರಲಿಲ್ಲ.

ಮರುವರ್ಷ ನೀಲಗಂಗಾ ಕೇಳಿಕೊಂಡು ಸವರುವ ವಿಭಾಗಕ್ಕೇ ಬಂದಳು. ಈಗ ನನ್ನ ಎದುರಿನ ಮೇಜು ಅವಳದು. ಕುರ್ಚಿಯ ಮೇಲೆ ಕೂರುತ್ತಾಳೆ. ನನಗಿಂತ ಚೆನ್ನಾಗಿ ಸವರುತ್ತಾಳೆ, ಏಕೆಂದರೆ ಹೊಸದು ಎಲ್ಲಿ ಅಡಗಿರುತ್ತದೆಂದು ಅವಳಿಗೆ ಗೊತ್ತು.

ಕಳೆದ ತಿಂಗಳು ನನಗೆ ಐವತ್ತೆಂಟು ತುಂಬಿತು. ನಾನೇ ಒಂದು ಆಟ ಕಟ್ಟೋಣವೆನಿಸಿತು. ಬದುಕಿನಲ್ಲಿ ಒಂದನ್ನೂ ಕಟ್ಟಿದವಳಲ್ಲ. ಹನ್ನೊಂದು ದಿನ ಕುಳಿತೆ. ಕೈ ಹೋದಲ್ಲೆಲ್ಲ ಪರಿಚಿತವೇ ಬಂತು: ಗೆಲ್ಲುವುದು, ಕೂಡಿಡುವುದು, ಚಪ್ಪಾಳೆ. ಒಂದೇ ಒಂದು ಕಡೆ, ಹೇಗೋ ಗೊತ್ತಿಲ್ಲ, ಬೇರೆಯದೊಂದು ಬಂದಿತ್ತು. ಒಂದು ಕೋಣೆ. ಅದರೊಳಗೆ ಹೋದರೆ ಬಾಗಿಲು ತಾನಾಗಿ ತೆರೆಯುವುದಿಲ್ಲ, ಒಳಗೆ ಮಾಡಲು ಏನೂ ಇರುವುದಿಲ್ಲ, ಹೊರಗೆ ಇನ್ನೊಬ್ಬ ಆಟಗಾರ ಬಂದು ಬಾಗಿಲು ಬಡಿಯುವತನಕ ಕಾಯಬೇಕು. ಯಾರೂ ಬರದಿದ್ದರೆ ಅದು ತೆರೆಯುವುದೇ ಇಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ತಿಳಿಯದೆ ಇರುವುದೇ ಒಂದು ಬಗೆಯ ಸಂತೋಷವಾಗಿತ್ತು. ಅದನ್ನು ನೀಲಗಂಗಾಳಿಗೆ ತೋರಿಸಿದೆ.

ಅವಳು ಪ್ರೀತಿಯಿಂದಲೇ ಆಡಿದಳು, ಒಂದು ಕಡೆ ನಕ್ಕಳು ಕೂಡ. ಕೋಣೆಯ ಹತ್ತಿರ ಬಂದಾಗ ಅವಳ ಕೈ ನಿಂತಿತು. ಏನಾದರೂ ಹೇಳುತ್ತಾಳೆಂದು ನಾನು ಕಾದೆ.

“ಇಲ್ಲೊಂದು ಸ್ವಲ್ಪ ತಡೀತೈತ್ರಿ ಅಕ್ಕಾರ,” ಎಂದಳು. “ಸವರ್ಲಿ?”

ನಾನು ಹ್ಞೂಂ ಅಂದೆ. ಬೇಡ ಎನ್ನಬೇಕೆಂದು ಬಾಯಿ ತೆರೆದಿದ್ದೆ. ಮೂವತ್ತು ವರ್ಷ ಆಡಿದ ಮಾತೇ ಬಂತು. ಅವಳು ಎರಡು ನಿಮಿಷದಲ್ಲಿ ಮುಗಿಸಿದಳು. ಈಗ ಬಾಗಿಲು ತಾನಾಗಿ ತೆರೆಯುತ್ತದೆ.

ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಕಾಲದಲ್ಲಿ ಯಾರೋ ಒಬ್ಬರು ಯಾವುದನ್ನೂ ಹೋಲದ ಆಟವೊಂದನ್ನು ಕಟ್ಟಿರುತ್ತಾರೆ. ಅದು ಕುಂಟುತ್ತಿರಬಹುದು, ನಿಮಗೆ ಹಿಡಿಸದಿರಬಹುದು. ನೀವು ಎದ್ದುಹೋಗಬೇಕೆನಿಸಿದಾಗ ಇನ್ನೊಂದು ಹತ್ತು ನಿಮಿಷ ಕೂರಿ. ನೀವು ಎದ್ದ ಗಳಿಗೆಯನ್ನು ಯಾರೋ ಬರೆದುಕೊಳ್ಳುತ್ತಿದ್ದಾರೆ. ಆ ಬರಹವೆಲ್ಲ ನಮ್ಮ ಹತ್ತಿರ ಇದೆ, ನಿಮ್ಮಿಂದ ನಮಗೆ ಬಂದಿರುವುದು ಬಹುಮಟ್ಟಿಗೆ ಅದೊಂದೇ.

ಇಂತಿ,
ಮಹಾನಂದಾ ಹೊಂಬಳ