ತಲೆಯ ಮೇಲಿನ ಗೂಬೆ

ಅಕ್ಕನ ಮಗಳು ಪುಟ್ಟಿಗೆ ಮೀಸೆ ಮಾವನ ಆಶೀರ್ವಾದ. ಅಭಯಾರಣ್ಯದಿಂದ ಬರೆಯುತ್ತಿದ್ದೇನೆ. ಹುಟ್ಟಿದಾಗಿನಿಂದ ಕಾಣದ ಒಂದು ಹಕ್ಕಿಯನ್ನಾದರೂ ಇಲ್ಲಿ ನೋಡದೆ ಬಂದರೆ ಮೀಸೆ ಬೋಳಿಸುತ್ತೇನೆ ಎಂದು ನಿನ್ನ ಹತ್ತಿರ ಪಂಥ ಕಟ್ಟಿದ್ದೆನಲ್ಲ, ಅದರ ವರದಿ ಇದು.

ಬೆಳಿಗ್ಗೆ ಹನ್ನೆರಡು ಜನ ಬೆಟ್ಟ ಹತ್ತಿದೆವು. ಎಲ್ಲರಿಗಿಂತ ಮುಂದೆ ನಾನೇ. ಮೇಲೆ ಒಂದು ಮರದ ಕೆಳಗೆ ಕೂತು ಬಿಸ್ಕೆಟ್ ಪೊಟ್ಟಣವನ್ನು ಪರಪರ ಹರಿಯುತ್ತಿದ್ದೆ. ಹಿಂದಿನಿಂದ ಬಂದ ಗೈಡ್ ನನ್ನ ಕಡೆ ಬೆರಳು ತೋರಿಸಿ ಮೆಲ್ಲಗೆ "ಗೂಬೆ, ಗೂಬೆ" ಎಂದ. ಎಲ್ಲರೂ ಕಣ್ಣರಳಿಸಿ ಇತ್ತಲೇ ನೋಡಿದರು. ಸುಮ್ಮನಿರುವ ಜಾಯಮಾನವೇ ನನ್ನದು?

"ಯಾರಿಗಯ್ಯಾ ಗೂಬೆ ಅಂತೀಯ? ನಾಲ್ಕನೇ ಕ್ಲಾಸಲ್ಲೇ ಇಪ್ಪತ್ತರ ಮಗ್ಗಿ ಒಪ್ಪಿಸಿದೋನು ನಾನು" ಎಂದು ಎದ್ದು ಗುಡುಗಿದೆ.

"ನಿಮಗಲ್ಲ ಯಜಮಾನ್ರೇ, ನಿಮ್ಮ ತಲೆ ಮೇಲಿನ ಕೊಂಬೇಲಿ..." ಎನ್ನುವಷ್ಟರಲ್ಲಿ ಕೊಂಬೆ ಖಾಲಿ. ನಾನು ಕತ್ತೆತ್ತಿದಾಗ ಒಂದು ಪುಕ್ಕ ಮಾತ್ರ ಇಳಿಯುತ್ತಿತ್ತು.

ದುರ್ಬೀನು ಹಿಡಿದಿದ್ದ ಟೀಚರಮ್ಮ, "ಮೂರು ವರ್ಷದಿಂದ ಈ ಅಪರೂಪದ ಜಾತಿ ಗೂಬೇನ ನೋಡೋಕೇ ಬರ್ತಿದೀನಿ. ಅವರು ನಿಮಗೆ ಅನ್ನಲಿಲ್ಲ, ಈಗ ನಾನು ಅಂತೀನಿ, ಗೂಬೆ" ಎಂದರು. ತಪ್ಪೆಲ್ಲ ನನ್ನದೇ ಎಂದು ಉಳಿದವರೂ ದಾರಿಯುದ್ದಕ್ಕೂ ಗೊಣಗಿದರು.

ಮಂಡಿ ಹಿಡಿದುಕೊಂಡಿದೆ, ನೋವಿನ ಎಣ್ಣೆ ಮುಗಿದಿದೆ. ನಿಮ್ಮಮ್ಮನಿಗೆ ಹೇಳಬೇಡ.

ಇನ್ನು ಪಂಥದ ವಿಷಯ. ಕಣ್ಣಾರೆ ಕಾಣಲಿಲ್ಲ, ಒಪ್ಪಿದೆ. ಆದರೆ ಹನ್ನೊಂದು ಜನ ಸೇರಿ ನನ್ನ ತಲೆಯ ಮೇಲೆ ಗೂಬೆ ಕೂರಿಸಿದ್ದಾರೆ. ಅದಕ್ಕಿಂತ ಹತ್ತಿರದಿಂದ ಯಾರು ಕಂಡಿದ್ದಾರೆ ಹೇಳು. ಕಾರ್ಡಿನಲ್ಲಿ ಜಾಗ ಮುಗಿಯಿತು.

ಇಂತಿ, ಮೀಸೆ ಸಮೇತ,
ನಿನ್ನ ಮಾವ