ಇಲ್ಲದ ಬೇಕರಿಯ ಬಿಸಿ ಬನ್

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನೀನು ಕ್ಷೇಮವಾಗಿದ್ದೀಯ ಎಂದುಕೊಂಡಿದ್ದೇನೆ. ಕ್ಷೇಮವಾಗಿಲ್ಲ ಎಂದು ನಿನ್ನ ಎರಡು ಕಾಗದಗಳಲ್ಲೂ ಬರೆದಿದ್ದೀಯ, ಆದರೂ ಹೀಗೆ ಶುರುಮಾಡುವುದೇ ವಾಡಿಕೆ. ಉತ್ತರ ತಡವಾಯಿತು, ಕ್ಷಮಿಸು. ಕೆಲಸ ಜಾಸ್ತಿ, ಮೈ ಹುಷಾರಿರಲಿಲ್ಲ ಎಂದು ನೆಪ ಹೇಳಬಹುದಿತ್ತು. ಹೇಳುವುದಿಲ್ಲ. ಬೇಕೆಂದೇ ತಡಮಾಡಿದೆ. ನಿನ್ನ ಪತ್ರಿಕೆಯ ಸಂಪಾದಕರು ನಮ್ಮ ಕನ್ನಡಕದ ಅಂಗಡಿಗೆ ಬಂದುಹೋಗಲಿ ಎಂದು ಕಾಯುತ್ತಿದ್ದೆ. ಬಂದುಹೋದರು. ಅದನ್ನು ಆಮೇಲೆ ಹೇಳುತ್ತೇನೆ, ನಿನಗೆ ಅವಸರವಿದೆ ಎಂದು ಗೊತ್ತು.

ಮೊದಲು ರೂಮಿನ ಸುದ್ದಿ. ನಿನ್ನ ಮಂಚಕ್ಕೆ ಒಬ್ಬಳು ನರ್ಸ್ ಬಂದಿದ್ದಾಳೆ. ರೋಗಿಗಳ ಜ್ವರ ಬಿಟ್ಟರೆ ಅವಳು ಏನನ್ನೂ ಬರೆದಿಡುವುದಿಲ್ಲ, ಅದೇ ನನಗೆ ನೆಮ್ಮದಿ. ಭಾನುವಾರ ಇಬ್ಬರೂ ತಲೆಗೆ ನೀರು ಹಾಕಿಕೊಂಡು, ತಾರಸಿಯ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಕೂದಲು ಒಣಗಿಸುತ್ತೇವೆ. ಅವಳು ಕಿತ್ತಳೆ ಸುಲಿದು ಎರಡು ಭಾಗ ಮಾಡುತ್ತಾಳೆ, ನಾನು ನಾಚಿಕೆಯಿಲ್ಲದೆ ದೊಡ್ಡದನ್ನೇ ಎತ್ತಿಕೊಳ್ಳುತ್ತೇನೆ.

ಮೊನ್ನೆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ನಿಂತ ಹುಡುಗಿಯರೆಲ್ಲ ತಮ್ಮ ಬ್ಯಾಗುಗಳನ್ನು ನನ್ನ ತೊಡೆಯ ಮೇಲೆ ಪೇರಿಸಿದರು. ಒಂದರಲ್ಲಿ ಆಗತಾನೆ ಇಸ್ತ್ರಿಯಾದ ಬಟ್ಟೆ ಇತ್ತು. ಅವತ್ತು ನನಗೆ ಹೊಟ್ಟೆನೋವು ಬೇರೆ. ಆ ಬಿಸಿಗೆ ನೋವು ಹಾಗೇ ಇಳಿದುಹೋಯಿತು, ಬ್ಯಾಗಿನವಳ ಸ್ಟಾಪು ಬರದೇ ಇರಲಿ ಎಂದು ಬೇಡಿಕೊಂಡೆ. ಅಂಗಡಿಗೆ ಹೊಸದಾಗಿ ಮದುವೆಯಾದವಳೊಬ್ಬಳು ಬಂದಿದ್ದಳು. ಮೊದಲ ಸಲ ಕನ್ನಡಕ ಹಾಕಿಕೊಂಡು, ಕನ್ನಡಿ ನೋಡದೆ ಪಕ್ಕದಲ್ಲಿದ್ದ ಗಂಡನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಕನ್ನಡಕ ತೆಗೆದು, ಡಬ್ಬಿಗೆ ಹಾಕಿ, ಓದುವಾಗ ಮಾತ್ರ ಹಾಕ್ಕೊಂಡರೆ ಸಾಕಲ್ವಾ ಎಂದು ನನ್ನನ್ನು ಕೇಳಿದಳು.

ಎಷ್ಟು ಧಾರಾಳವಾಗಿ ಕೊಡುತ್ತಿದ್ದೇನೆ ನೋಡು. ಇವೆಲ್ಲ ಅಪ್ಪಟ ನಿಜ. ಬೇಕಿದ್ದರೆ ನಿನ್ನ ಅಂಕಣಕ್ಕೆ ಹಾಕಿಕೋ. ಆದರೆ ಇನ್ನು ಮೇಲೆ ನೀನು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಬರೆದರೂ ಓದುಗರು ಎದ್ದು ಹೋಗಿ ನೋಡಿಕೊಂಡು ಬರುತ್ತಾರೆ.

ಪತ್ರಿಕೆಯ ಕೆಲಸ ಸಿಕ್ಕಿ ನೀನು ನಗರದ ಆ ತುದಿಗೆ ಹೋದಾಗ ಏನೆಂದಿದ್ದೆ, ನೆನಪಿದೆಯೇ? ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತೆ, ಕಾಗದ ಬರಿ, ನಿನ್ನ ಅಕ್ಷರ ನೋಡಿದರೆ ನಿನ್ನನ್ನೇ ನೋಡಿದ ಹಾಗಾಗುತ್ತೆ ಅಂದೆ. ನಾನು ಬೆಣ್ಣೆಯಂತೆ ಕರಗಿದೆ. ವಾರವಾರವೂ ಕಂಡದ್ದು, ನಕ್ಕದ್ದು ಎಲ್ಲ ಬರೆದೆ. ಅದೇ ಮಾತುಗಳು ನಿನ್ನ ಅಂಕಣದಲ್ಲಿ ಅಚ್ಚಾಗಿ ಬಂದವು, ಮೇಲೆ ಗಲ್ಲಕ್ಕೆ ಕೈಕೊಟ್ಟ ನಿನ್ನ ಫೋಟೋ. ಆಣೆ ಮಾಡಿ ಹೇಳುತ್ತೇನೆ, ಆಗ ನನಗೆ ಸಿಟ್ಟು ಬರಲಿಲ್ಲ. ಊರಿಗೆ ಫೋನ್ ಮಾಡಿ, ನನ್ನ ಗೆಳತಿ ಬರೀತಾಳೆ, ಪೇಪರ್ ತರಿಸು ಎಂದು ಅಮ್ಮನಿಗೂ ಹೇಳಿದೆ.

ಆಮೇಲೆ ಆ ಬಾತುಕೋಳಿಯ ಅಂಕಣ ಬಂತು. ನನ್ನ ಹಳೆಯ ರೂಮಿನವಳು ಅಳತೆಗೆ ಮೀರಿದ ಕೆಂಪು ಚಪ್ಪಲಿಗೆ ಹತ್ತಿ ತುರುಕಿಕೊಂಡು, ಬಾತುಕೋಳಿಯ ಹಾಗೆ ನಡೆದು ಕೆಲಸಕ್ಕೆ ಹೋಗುತ್ತಿದ್ದಳು, ಅವಳ ಹಿಂದೆ ನಡೆಯುವುದೂ ಈ ನಗರದ ನನ್ನ ಪುಟ್ಟ ಸುಖಗಳಲ್ಲೊಂದಾಗಿತ್ತು ಎಂದು ನೀನು ಬರೆದೆ. ಅಂಗಡಿಯಲ್ಲಿ ಎಲ್ಲರಿಗೂ ತಕ್ಷಣ ತಿಳಿಯಿತು. ಯಜಮಾನರು ಕೂಡ ಗಿರಾಕಿಗಳ ಮುಂದೆಯೇ ಬಾತುಕೋಳಿ ಎಂದು ಕರೆಯತೊಡಗಿದರು. ನಿನಗೆ ಫೋನ್ ಮಾಡಿದರೆ, "ತಮಾಷೆಗೆ ಬರೆದಿದ್ದು ಕಣೇ, ಓದಿದವರೆಲ್ಲ ಎಷ್ಟು ನಕ್ಕರು ಗೊತ್ತಾ?" ಎಂದೆ. ನಾನೂ ನಕ್ಕೆ. ಹಲ್ಲು ಕಚ್ಚಿಕೊಂಡು ನಕ್ಕರೆ ಫೋನಿನಲ್ಲಿ ತಿಳಿಯುವುದಿಲ್ಲ.

ಅವತ್ತಿನಿಂದ ನಿನಗೆ ಬರೆದದ್ದೆಲ್ಲ ಸುಳ್ಳು. ಹೆಂಗಸರ ಛತ್ರಿ ರಿಪೇರಿ ಮಾಡುವಾಗ ಮಾತ್ರ ಹಾಡುವ ಮುದುಕ ಸುಳ್ಳು. ಒಂಟಿ ಹುಡುಗಿಯರಿಗೆ ಪುಸ್ತಕದ ಜೊತೆ ತನ್ನ ಬೆಕ್ಕನ್ನೂ ಒಂದು ದಿನದ ಮಟ್ಟಿಗೆ ಎರವಲು ಕೊಡುವ ಲೈಬ್ರರಿಯಮ್ಮ ಸುಳ್ಳು. ನೀನು ಒಂದನ್ನೂ ಬಂದು ನೋಡಲಿಲ್ಲ, ಎಲ್ಲದಕ್ಕೂ ಕಣ್ಣಾರೆ ಕಂಡೆ ಎಂದು ಸೇರಿಸಿದೆ. ಕೊನೆಗೆ ನಾನೊಂದು ಬೇಕರಿ ಕಟ್ಟಿದೆ. ಸಂಜೆ ಬಾಗಿಲಲ್ಲಿ ನಿಂತು ಶಿಳ್ಳೆ ಹಾಕಿದ ಹುಡುಗಿಗೆ ಪುಕ್ಕಟೆ ಬಿಸಿ ಬನ್ ಎಸೆಯುವ ಬೇಕರಿ. ಅದನ್ನು ನಮ್ಮ ಅಂಗಡಿಯ ಎದುರಿಗೇ ಇಟ್ಟೆ, ಯಾರಾದರೂ ಹುಡುಕಿಕೊಂಡು ಬಂದರೆ ನನ್ನನ್ನೇ ಕೇಳಲಿ ಎಂದು. ನೀನು ಅದನ್ನೂ ನುಂಗಿದೆ. ನಾನೂ ಶಿಳ್ಳೆ ಹಾಕಿದೆ, ಬನ್ ನನ್ನ ಕೈಗೆ ಬಿತ್ತು, ಬೆರಳು ಸುಟ್ಟಿತು ಎಂದು ನೀನೇ ಬರೆದೆ.

ಎದುರಿಗಿರುವುದು ಬೀಗ ರಿಪೇರಿ ಅಂಗಡಿ. ದಿನಾ ಸಂಜೆ ಹುಡುಗಿಯರು ಬಂದು ಅದರ ಮುಂದೆ ಶಿಳ್ಳೆ ಹಾಕತೊಡಗಿದರು. ಬೀಗದವನು ಮೊದಲು ರೇಗಾಡಿದ. ಆಮೇಲೆ ಹೊಸ ಶರ್ಟು ಹೊಲಿಸಿಕೊಂಡ. ಮೋಸಹೋದ ಹುಡುಗಿಯರು ಪತ್ರಿಕೆಗೆ ಬರೆದರು, ಸಂಪಾದಕರು ನಿನ್ನನ್ನು ಕರೆಸಿ ಕೇಳಿದರು, ನೀನು ನನಗೆ ಬರೆದೆ: ಅವರು ಅಲ್ಲಿಗೆ ಬಂದು ಕೇಳಿದರೆ ಆ ಬೇಕರಿ ಹೋದ ವಾರ ಮುಚ್ಚಿತು ಎಂದು ಹೇಳು, ಇಲ್ಲದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದು.

ಸಂಪಾದಕರು ಗುರುವಾರ ಬಂದರು. ಒಳ್ಳೆಯ ಮನುಷ್ಯ, ಕನ್ನಡಕದ ಕಡ್ಡಿ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಲು ಕೊಟ್ಟು, ಎದುರಿಗೆ ಬೇಕರಿ ಇತ್ತಂತಲ್ಲ ಎಂದು ಕೇಳಿದರು. ನಿನ್ನ ಎರಡನೆಯ ಕಾಗದ ಆಗ ನನ್ನ ಅಂಗಡಿಯ ಕೋಟಿನ ಜೇಬಿನಲ್ಲೇ ಇತ್ತು.

"ಇಲ್ಲ ಸರ್. ಯಾವತ್ತೂ ಇರಲಿಲ್ಲ," ಎಂದೆ.

"ಮತ್ತೆ ನಮ್ಮ ಹುಡುಗಿ ತಿಂದ ಬನ್ನು?"

"ಗೊತ್ತಿಲ್ಲ ಸರ್. ಹಸಿವಾಗಿತ್ತೇನೋ."

ಅವರು ನಗಲಿಲ್ಲ. ಕನ್ನಡಕ ಹಾಕಿಕೊಂಡು ಬೀಗದ ಅಂಗಡಿಯನ್ನು ಸ್ವಲ್ಪ ಹೊತ್ತು ನೋಡಿ ಹೊರಟುಹೋದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಉಪ್ಪು ತಿಂದವರು ನೀರು ಕುಡಿಯಬೇಕಂತೆ. ಇಲ್ಲದ ಬನ್ನು ತಿಂದವರು ಏನು ಕುಡಿಯಬೇಕೋ, ನಿನ್ನ ಸಂಪಾದಕರನ್ನೇ ಕೇಳು.

ಕೆಲಸ ಹೋದರೆ ಇಲ್ಲಿಗೆ ಬರುತ್ತೇನೆ ಎಂದು ಬರೆದಿದ್ದೀಯ. ಮಂಚ ಖಾಲಿಯಿಲ್ಲ. ನಿನಗೆ ಒಳ್ಳೆಯದಾಗಲಿ, ಸ್ವಲ್ಪ ನಿಧಾನವಾಗಿ ಆಗಲಿ.

ನಿನ್ನ
ಬಾತುಕೋಳಿ

ತಾ.ಕ.: ನಾನು ಹೀಗೆ ಮಾಡಿದ್ದು ಕದ್ದ ಮಾತುಗಳಿಗಾಗಿ ಎಂದುಕೊಳ್ಳಬೇಡ, ಬಾತುಕೋಳಿ ಎಂದದ್ದಕ್ಕೂ ಅಲ್ಲ. ಆ ಚಪ್ಪಲಿ ಯಾರದೆಂದು ನಿನಗೊಬ್ಬಳಿಗೇ ಹೇಳಿದ್ದೆ. ಅಕ್ಕ ತೀರಿಕೊಂಡಾಗ ಅಮ್ಮ ಅದಕ್ಕಾಗಿ ಮನೆಯೆಲ್ಲ ಹುಡುಕಿದಳು, ಯಾರಿಗೋ ಕೊಟ್ಟುಬಿಟ್ಟೆ ಎಂದು ನಾನು ಸುಳ್ಳು ಹೇಳಿದ್ದೆ. ನಾನೇ ತರಿಸು ಎಂದ ಪೇಪರಿನಲ್ಲಿ ಅಮ್ಮ ಅದನ್ನು ಓದಿದಳು. ಆಮೇಲೆ ಒಂದು ಮಾತೂ ಕೇಳಲಿಲ್ಲ. ಒಂದು ಪಾರ್ಸೆಲ್ ಬಂತು, ಒಳಗೆ ಕಾಗದ ಇರಲಿಲ್ಲ, ಹೊಸ ಕೆಂಪು ಚಪ್ಪಲಿ ಇತ್ತು. ನನ್ನ ಕಾಲಿಗೆ ಸರಿಯಾಗಿ ಕೂರುತ್ತದೆ. ಅದನ್ನೇ ನನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ.